ಉರಿ ಸಾಲದಿದ್ದರೆ ರೆಗ್ಯುಲೇಟರ್ ತಿರುವಬೇಡಿ
ಜಾತ್ರೆಗೆ ಹೊರಟವರು, ಖಾನಾವಳಿ ನಡೆಸುವವರು ತಿಳಿದಿರಬೇಕಾದ ಗ್ಯಾಸ್ ಒತ್ತಡದ ಲೆಕ್ಕ

ಭಾರತ ಹುಣ್ಣಿಮೆಗೆ ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಹೋದವರಿಗೆ ಈ ನೋಟ ಹೊಸದಲ್ಲ. ಟ್ರ್ಯಾಕ್ಟರ್ ಟ್ರೇಲಿಯ ಮಗ್ಗುಲಿಗೆ ತಾಡಪತ್ರಿ ಕಟ್ಟಿ, ಅದರ ಕೆಳಗೆ ಒಲೆ ಹೂಡಿರುತ್ತಾರೆ. ದೇವಿಯ ನೈವೇದ್ಯದ ಪಡಲಗಿ ತುಂಬುವ ಹೊತ್ತಿಗೆ ಹೋಳಿಗೆ, ಕಡಬು, ಅನ್ನ ಎಲ್ಲ ಆಗಬೇಕು. ಮೂರು ಕಲ್ಲು, ಜಾಲಿ ಕಟ್ಟಿಗೆ ಇದ್ದ ಕಡೆ ಈಗ ಎಷ್ಟೋ ಮಂದಿ ಗ್ಯಾಸ್ ಇಟ್ಟಿದ್ದಾರೆ. ಗುಡ್ಡದ ಗಾಳಿಗೆ ಉರಿ ಅಡ್ಡ ಮಲಗಿತೆಂದರೆ ಕೂಗು ಬೀಳುತ್ತದೆ: "ಏ ತಮ್ಮಾ, ಇನ್ನೊಂದೀಟು ತಿರುವೋ, ಉರಿ ಸಾಲವಲ್ದು!" ತಮ್ಮ ರೆಗ್ಯುಲೇಟರಿನ ತಿರುಪು ತಿರುವುತ್ತಾನೆ. ಉರಿ ಬುಸ್ಸೆಂದು ಬರ್ನರ್ ಬಿಟ್ಟು ಒಂದು ಬೆರಳು ಮೇಲೆ ನಿಲ್ಲುತ್ತದೆ. ಸದ್ದು ಹೆಚ್ಚಾಯಿತೇ ಹೊರತು ಪಾತ್ರೆಗೆ ಕಾವು ಹೆಚ್ಚಲಿಲ್ಲ.

ತಪ್ಪು ಆಗುವುದು ಇಲ್ಲೇ. ಸಿಲಿಂಡರಿನೊಳಗಿನ ಒತ್ತಡ ಬಿಸಿಲಿಗೆ ತಕ್ಕಂತೆ ಏರಿಳಿಯುತ್ತದೆ. ನಮ್ಮ ಕಡೆಯ ಹವೆಯಲ್ಲಿ ಅದು ಚದರ ಸೆಂಟಿಮೀಟರಿಗೆ ಸುಮಾರು 5ರಿಂದ 7 ಕಿಲೋ. ಮನೆಯ ಒಲೆಗೆ ಬೇಕಾದದ್ದು ಕೇವಲ 30 ಗ್ರಾಂ. ಹೆಚ್ಚುಕಡಿಮೆ ಇನ್ನೂರು ಪಟ್ಟು ಇಳಿಸಿ, ಸಿಲಿಂಡರ್ ತುಂಬಿದ್ದರೂ ತಳಕ್ಕೆ ಬಂದಿದ್ದರೂ ಒಂದೇ ಸಮ ಕೊಡುವುದು ಅಂಗೈಯಗಲದ ಆ ರೆಗ್ಯುಲೇಟರ್. ಅದರ ಹೊಟ್ಟೆಯಲ್ಲಿರುವುದು ಒಂದು ಸ್ಪ್ರಿಂಗ್, ಒಂದು ತೆಳ್ಳನೆಯ ರಬ್ಬರ್ ಪರದೆ, ಒಂದು ಪುಟ್ಟ ವಾಲ್ವ್. ಒಲೆಯ ಕಡೆ ಒತ್ತಡ ಹೆಚ್ಚಾದರೆ ಪರದೆ ಉಬ್ಬಿ ದಾರಿ ಕಿರಿದಾಗುತ್ತದೆ, ಇಳಿದರೆ ಅಗಲವಾಗುತ್ತದೆ.

1. ಮೊದಲು ಒಲೆ ನೋಡಿ

ರೆಗ್ಯುಲೇಟರ್ ಆರಿಸುವುದು ಒಲೆಗೆ ತಕ್ಕಂತೆ. ಮನೆಯ ಎರಡು, ಮೂರು ಬರ್ನರಿನ ಒಲೆಗೆ 30 ಗ್ರಾಂ ಒತ್ತಡದ ಸಾದಾ ರೆಗ್ಯುಲೇಟರೇ ಸೈ. ರಾಮದುರ್ಗದ ಮದುವೆ ಅಡುಗೆಯವರು, ಕಿತ್ತೂರಿನ ಹೆದ್ದಾರಿ ಢಾಬಾದವರು ಬಳಸುವ ಭಟ್ಟಿ ಒಲೆಗಳಲ್ಲಿ ಹಲವು ಹೈಪ್ರೆಷರಿಗೆಂದೇ ಮಾಡಿದವು. ಅವುಗಳಿಗೆ ತಿರುಪಿನ ರೆಗ್ಯುಲೇಟರ್, ಅದಕ್ಕೊಪ್ಪುವ ಗಟ್ಟಿ ಪೈಪ್ ಬೇಕು. ಇವೆರಡನ್ನು ಅದಲುಬದಲು ಮಾಡಬಾರದು. ಮನೆಯ ಒಲೆಗೆ ಹೈಪ್ರೆಷರ್ ಕೊಟ್ಟರೆ ಉರಿ ಹಾರುತ್ತದೆ, ಪೈಪ್ ಕಳಚುತ್ತದೆ, ಒಲೆಯ ಕಾಕ್ ಸೋರುತ್ತದೆ. ಭಟ್ಟಿಗೆ ಮನೆಯ ರೆಗ್ಯುಲೇಟರ್ ಹಾಕಿದರೆ ಉರಿ ಮಂಕಾಗಿ ಪಾತ್ರೆ ಮಸಿಯಾಗುತ್ತದೆ.

2. ಗುರುತು ಓದಿ

ಮನೆಬಳಕೆಯ ರೆಗ್ಯುಲೇಟರಿನ ಮೇಲೆ ಐಎಸ್‌ಐ ಮುದ್ರೆ, ಐಎಸ್ 9798 ಎಂಬ ಸಂಖ್ಯೆ ಇರಬೇಕು. ಗ್ಯಾಸ್ ಸಂಪರ್ಕ ಪಡೆಯುವಾಗ ಠೇವಣಿ ಕಟ್ಟಿ ತಂದ ರೆಗ್ಯುಲೇಟರ್ ಕಂಪನಿಯ ಸ್ವತ್ತು. ಕೆಟ್ಟರೆ ಸಂಪರ್ಕದ ವೌಚರ್ ಹಿಡಿದು ಏಜೆನ್ಸಿಗೇ ಹೋಗಿ ಬದಲಿಸಿಕೊಳ್ಳಿ. ಸಂತೆಯಲ್ಲಿ ಅಗ್ಗಕ್ಕೆ ಸಿಗುವ, ಮುದ್ರೆಯಿಲ್ಲದ ಮಾಲು ಬೇಡ. ತಲೆಯ ಮೇಲೆಯೇ ಬರ್ನರ್ ಕೂರಿಸಿದ ಪುಟಾಣಿ ಸಿಲಿಂಡರಿನಲ್ಲಂತೂ ರೆಗ್ಯುಲೇಟರೇ ಇರುವುದಿಲ್ಲ. ಪ್ರವಾಸಕ್ಕೆ ಸಣ್ಣದೇ ಬೇಕಿದ್ದರೆ ತೈಲ ಕಂಪನಿಗಳದೇ 5 ಕಿಲೋ ಸಿಲಿಂಡರ್ ಗುರುತಿನ ಚೀಟಿ ತೋರಿಸಿದರೆ ಸಿಗುತ್ತದೆ.

3. ಸಿಲಿಂಡರ್ ಎಷ್ಟು ಕೊಡಬಲ್ಲದು?

ಬೈಲಹೊಂಗಲದ ಯಾವುದೇ ಖಾನಾವಳಿಯಲ್ಲಿ ಮಧ್ಯಾಹ್ನ ಒಂದರ ಹೊತ್ತು ನೆನೆಯಿರಿ. ಎರಡು ಹಂಚಿನ ಮೇಲೆ ಜೋಳದ ರೊಟ್ಟಿ, ಮೂರನೆಯ ಒಲೆಯ ಮೇಲೆ ಎಣ್ಣೆಗಾಯಿ. ಒಮ್ಮೆಲೆ ಉರಿ ಇಳಿಯುತ್ತದೆ. ಸಿಲಿಂಡರಿನ ಕೆಳಭಾಗ ಮುಟ್ಟಿದರೆ ತಣ್ಣಗೆ ಕೊರೆಯುತ್ತದೆ, ಹೊರಗೆ ಹನಿ, ಒಮ್ಮೊಮ್ಮೆ ಬಿಳಿ ಹಿಮ. ಒಳಗಿನ ದ್ರವ ಆವಿಯಾಗಲು ಸಿಲಿಂಡರಿನ ಮೈಯಿಂದಲೇ ಕಾವು ಎಳೆದುಕೊಳ್ಳುತ್ತದೆ. ಒಲೆಗಳು ಎಳೆಯುವ ವೇಗಕ್ಕೆ ಆವಿ ಸಾಲದಾದಾಗ ಒತ್ತಡ ಬೀಳುತ್ತದೆ. ಇಲ್ಲಿ ರೆಗ್ಯುಲೇಟರಿನ ತಪ್ಪೇನೂ ಇಲ್ಲ, ಬದಲಿಸಿದರೂ ಲಾಭವಿಲ್ಲ. ಎರಡು ಮೂರು ಸಿಲಿಂಡರ್ ಒಂದೇ ಸಾಲಿಗೆ ಜೋಡಿಸುವ ವ್ಯವಸ್ಥೆಯನ್ನು ಏಜೆನ್ಸಿಯ ಮೆಕ್ಯಾನಿಕ್ ಕೈಯಲ್ಲಿ ಮಾಡಿಸಿ. ಬಿಸಿನೀರಿನ ಬುಟ್ಟಿಯಲ್ಲಿ ಸಿಲಿಂಡರ್ ಇಡುವುದು, ಅಡ್ಡ ಮಲಗಿಸುವುದು ಎರಡೂ ಅಪಾಯ. ಮಲಗಿಸಿದರೆ ಆವಿಯ ಬದಲು ದ್ರವವೇ ರೆಗ್ಯುಲೇಟರಿಗೆ ನುಗ್ಗುತ್ತದೆ. ವ್ಯಾಪಾರಕ್ಕೆ 19 ಕಿಲೋ ಸಿಲಿಂಡರನ್ನೇ ಬಳಸಿ. ಮನೆಯ 14.2 ಕಿಲೋ ಸಿಲಿಂಡರ್ ಹೋಟೆಲಿಗೆ ಬಳಸುವುದು ಕಾನೂನಿಗೆ ವಿರುದ್ಧ.

4. ಉಸಿರಿನ ತೂತು ಮುಚ್ಚದಿರಲಿ

ರೆಗ್ಯುಲೇಟರಿನ ಮೈಮೇಲೆ ಸೂಜಿಮೊನೆಯಷ್ಟು ತೂತಿರುತ್ತದೆ. ಪರದೆ ಮೇಲೆ ಕೆಳಗೆ ಆಡಲು ಗಾಳಿ ಬೇಕಲ್ಲ, ಅದಕ್ಕೆ. ರೊಟ್ಟಿ ಬಡಿಯುವ ಮನೆಯಲ್ಲಿ ಜೋಳದ ಹಿಟ್ಟು, ಎಣ್ಣೆಯ ಜಿಗುಟು ಸೇರಿ ಅದು ಕಟ್ಟಿಕೊಳ್ಳುತ್ತದೆ. ವಾರಕ್ಕೊಮ್ಮೆ ಒಣಬಟ್ಟೆಯಿಂದ ಒರೆಸಿ. ಸೂಜಿ ಚುಚ್ಚಬೇಡಿ, ಪರದೆ ಹರಿದೀತು. ಆ ತೂತಿನಿಂದಲೇ ಗ್ಯಾಸ್ ವಾಸನೆ ಬಂದರೆ ಪರದೆ ಹರಿದಿದೆ ಎಂದೇ ತಿಳಿಯಿರಿ. ಸಾಬೂನು, ಮೇಣ ಮೆತ್ತಿ ದಿನ ದೂಡದೆ ಅಂದೇ ಬದಲಿಸಿ.

5. ಕೂಡಿಸುವ ಕ್ರಮ

ಸಿಲಿಂಡರಿನ ಮುಚ್ಚಳ ತೆಗೆದು, ವಾಲ್ವಿನೊಳಗೆ ಕಪ್ಪು ರಬ್ಬರ್ ಉಂಗುರ ಸರಿಯಾಗಿ ಕೂತಿದೆಯೇ ನೋಡಿ. ಇಲ್ಲದಿದ್ದರೆ, ಸೀಳಿದ್ದರೆ ಆ ಸಿಲಿಂಡರ್ ಬೇಡ. ರೆಗ್ಯುಲೇಟರಿನ ಗುಬ್ಬಿ ಬಂದ್ ಸ್ಥಿತಿಯಲ್ಲಿರಲಿ. ರೆಗ್ಯುಲೇಟರಿನ ಕೆಳಗಿನ ಉಂಗುರ ಮೇಲೆತ್ತಿ ಹಿಡಿದು, ನೇರವಾಗಿ ವಾಲ್ವಿನ ಮೇಲೆ ಒತ್ತಿ, ಉಂಗುರ ಬಿಡಿ. "ಟಕ್" ಎಂದರೆ ಕೂತಿತು. ಮೇಲೆಳೆದರೂ ಬರಬಾರದು. ಪೈಪ್ ಐಎಸ್ 9573 ಮುದ್ರೆಯದಿರಲಿ, ಒಂದೂವರೆ ಮೀಟರಿಗಿಂತ ಉದ್ದ ಬೇಡ, ಐದು ವರ್ಷಕ್ಕೆ ಬದಲಿಸಿ. ಕೊನೆಗೆ ಒಲೆಯ ಕಾಕ್ ಮುಚ್ಚಿಟ್ಟು, ಗುಬ್ಬಿ ತಿರುವಿ, ಕೂಡಿದ ಕಡೆಗಳಿಗೆಲ್ಲ ಸಾಬೂನಿನ ನೊರೆ ಹಚ್ಚಿ. ಗುಳ್ಳೆ ಎದ್ದರೆ ಸೋರಿಕೆ. ಕಡ್ಡಿ ಗೀರಿ ನೋಡುವ ಚಟ ಬಿಟ್ಟುಬಿಡಿ.

6. ಗುಡ್ಡದ ಗಾಳಿಗೆ ತಗಡು

ಗಾಳಿಗೆ ಮದ್ದು ಮರೆ. ಒಲೆಯ ಮೂರು ಕಡೆ ತಗಡು ನಿಲ್ಲಿಸಿ, ಸಿಲಿಂಡರ್ ಮಾತ್ರ ಮರೆಯ ಹೊರಗೆ, ಸಮನೆಲದಲ್ಲಿ ನೆಟ್ಟಗಿರಲಿ. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲ ಹಿಡಿದು ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಹಾಗಾಗಿ ತಾಡಪತ್ರಿಯ ಅಂಚಿಗೆ ಸುತ್ತಲೂ ಕಲ್ಲು ಹೇರಿ ಮುಚ್ಚಬೇಡಿ. ಅಡಿಯಲ್ಲಿ ಗಾಳಿಯಾಡಲು ಎರಡು ಕಡೆ ತೆರೆದಿರಲಿ.

7. ವಾಸನೆ ಬಂದರೆ

ಹತ್ತಿರದ ಎಲ್ಲ ಉರಿ ಆರಿಸಿ, ಗುಬ್ಬಿ ಬಂದ್ ಮಾಡಿ. ಮನೆಯಲ್ಲಾದರೆ ಸ್ವಿಚ್ ಮುಟ್ಟದೆ ಕಿಟಕಿ ಬಾಗಿಲು ತೆರೆಯಿರಿ. ಆಗಲೂ ನಿಲ್ಲದಿದ್ದರೆ ರೆಗ್ಯುಲೇಟರ್ ಕಳಚಿ. ಅದು ಹೊರಬಂದ ಕೂಡಲೇ ಸಿಲಿಂಡರಿನ ವಾಲ್ವ್ ತಾನೇ ಮುಚ್ಚಿಕೊಳ್ಳುತ್ತದೆ. ಮೇಲೆ ದಾರಕ್ಕೆ ಕಟ್ಟಿದ ಮುಚ್ಚಳ ಒತ್ತಿ. ದೂರ ಸರಿದು 1906ಕ್ಕೆ ಕರೆ ಮಾಡಿ, ಹಗಲು ರಾತ್ರಿ ಸಿಗುತ್ತದೆ.

ಈ ಸಲ ಗುಡ್ಡಕ್ಕೆ ಹೊರಡುವಾಗ ಟ್ರೇಲಿಯಲ್ಲಿ ನಾಲ್ಕು ಹಳೆಯ ತಗಡು ಹಾಕಿಕೊಳ್ಳಿ. ಉರಿ ಮಲಗಿದಾಗ "ತಮ್ಮಾ, ತಿರುವೋ" ಅನ್ನುವ ಬದಲು "ತಮ್ಮಾ, ತಗಡು ಅಡ್ಡ ಹಚ್ಚೋ" ಅಂದರೆ ಹೋಳಿಗೆಯೂ ಸೀಯುವುದಿಲ್ಲ, ಗ್ಯಾಸೂ ಉಳಿಯುತ್ತದೆ.