ಟರ್ನ್‌ಟೇಬಲ್ ಖರೀದಿ: ಹೊಸದೋ, ಹಳೆಯದೋ? ಒಂದು ವೆಚ್ಚ ವಿಶ್ಲೇಷಣೆ

ಪುಷ್ಕರಣಿಗೆ ಹೆಸರಾದ ಸಂತೇಬೆನ್ನೂರಿನಲ್ಲಾಗಲಿ, ಸುತ್ತಲಿನ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಭಾಗಗಳಲ್ಲಾಗಲಿ ಮದುವೆ, ಜಾತ್ರೆಗಳಿಗೆ ಧ್ವನಿವರ್ಧಕವನ್ನು ಬಾಡಿಗೆಗೆ ಒದಗಿಸುವುದು ಬಹುಕಾಲದಿಂದ ನಡೆದುಬಂದಿರುವ ಸಣ್ಣ ಉದ್ದಿಮೆ. ಕ್ಯಾಸೆಟ್ಟುಗಳು ಬರುವವರೆಗೆ ಈ ಉದ್ದಿಮೆಗೆ ಗ್ರಾಮೋಫೋನ್ ರೆಕಾರ್ಡುಗಳೇ ಆಧಾರವಾಗಿದ್ದವು. ಆ ಕಾಲದ ಪ್ಲೇಯರುಗಳು ಇಂದಿಗೂ ಹಲವು ಮನೆ, ಅಂಗಡಿಗಳ ಅಟ್ಟದಲ್ಲಿವೆ. ರೆಕಾರ್ಡುಗಳಿಗೆ ಈಗ ಮತ್ತೆ ಬೇಡಿಕೆ ಬಂದಿದೆ. ಅಮೆರಿಕದಲ್ಲಿ 2022ರಲ್ಲಿ ಮಾರಾಟವಾದ ರೆಕಾರ್ಡುಗಳ ಸಂಖ್ಯೆಯು 1987ರ ನಂತರ ಮೊದಲ ಬಾರಿಗೆ ಸಿ.ಡಿ.ಗಳ ಸಂಖ್ಯೆಯನ್ನು ಮೀರಿತು. ಈ ಹಿನ್ನೆಲೆಯಲ್ಲಿ ಟರ್ನ್‌ಟೇಬಲ್ ಕೊಳ್ಳಬಯಸುವ ವರ್ತಕನ ಮುಂದೆ ಹೊಸದನ್ನು ಕೊಳ್ಳುವುದೋ, ಹಳೆಯದನ್ನೋ ಎಂಬ ಪ್ರಶ್ನೆ ಏಳುತ್ತದೆ. ಇದಕ್ಕೆ ಅಭಿರುಚಿಯಿಂದಲ್ಲ, ಲೆಕ್ಕದಿಂದ ಉತ್ತರ ಕಂಡುಕೊಳ್ಳುವುದು ಕ್ಷೇಮ.

ಡೈರೆಕ್ಟ್ ಡ್ರೈವ್ ಎಂದರೇನು?

ರೆಕಾರ್ಡು ತಿರುಗುವ ತಟ್ಟೆಗೆ ಚಲನೆ ನೀಡಲು ಮೂರು ವಿಧಾನಗಳಿವೆ. ಮೊದಲನೆಯದರಲ್ಲಿ ರಬ್ಬರ್ ಗಾಲಿಯೊಂದು ತಟ್ಟೆಯ ಅಂಚನ್ನು ಒತ್ತಿ ತಿರುಗಿಸುತ್ತದೆ. ಎರಡನೆಯದರಲ್ಲಿ ಬೆಲ್ಟು ಆ ಕೆಲಸ ಮಾಡುತ್ತದೆ. ಮೂರನೆಯದರಲ್ಲಿ ತಟ್ಟೆಯು ನೇರವಾಗಿ ಮೋಟಾರಿನ ಮೇಲೆಯೇ ಕುಳಿತಿರುತ್ತದೆ. ಇದೇ ಡೈರೆಕ್ಟ್ ಡ್ರೈವ್. ಸವೆಯುವ ಗಾಲಿ, ಸಡಿಲಗೊಳ್ಳುವ ಬೆಲ್ಟುಗಳು ಇಲ್ಲಿಲ್ಲ. ನಮ್ಮ ಅಟ್ಟಗಳಲ್ಲಿರುವ ಹಳೆಯ ಪ್ಲೇಯರುಗಳಲ್ಲಿ ಹೆಚ್ಚಿನವು ಮೊದಲಿನ ಎರಡು ವಿಧಕ್ಕೆ ಸೇರಿದವು. ಆದ್ದರಿಂದ ಹಳೆಯದೆಲ್ಲವನ್ನೂ ಡೈರೆಕ್ಟ್ ಡ್ರೈವ್ ಎಂದು ಭಾವಿಸಿ ಬೆಲೆ ಕಟ್ಟಬಾರದು.

ಜಪಾನಿನ ಮತ್ಸುಶಿತಾ ಸಂಸ್ಥೆಯು ಟೆಕ್ನಿಕ್ಸ್ ಹೆಸರಿನಲ್ಲಿ 1970ರಲ್ಲಿ ಎಸ್‌ಪಿ-10 ಮಾದರಿಯನ್ನೂ, 1972ರಲ್ಲಿ ಎಸ್‌ಎಲ್-1200 ಮಾದರಿಯನ್ನೂ ಮಾರುಕಟ್ಟೆಗೆ ತಂದಿತು. 1979ರಲ್ಲಿ ಬಂದ ಎಸ್‌ಎಲ್-1200 ಎಂಕೆ2 ಜಗತ್ತಿನಾದ್ಯಂತ ಹೆಸರಾಯಿತು. 2010ರಲ್ಲಿ ಈ ಸರಣಿಯ ತಯಾರಿಕೆ ನಿಂತಿತು. 2016ರಲ್ಲಿ ಪುನರಾರಂಭವಾಗಿ, 2019ರಲ್ಲಿ ಎಂಕೆ7 ಮಾದರಿ ಹೊರಬಂದಿತು. ಆಡಿಯೋ-ಟೆಕ್ನಿಕಾ, ಪಯೋನಿಯರ್ ಮೊದಲಾದ ಸಂಸ್ಥೆಗಳೂ ಈ ಬಗೆಯ ಹೊಸ ಯಂತ್ರಗಳನ್ನು ತಯಾರಿಸಿವೆ.

ಹಳೆಯದರ ಗುಣ-ದೋಷ

ಹಳೆಯ ಉತ್ತಮ ಯಂತ್ರಗಳ ಮೋಟಾರು ದೀರ್ಘಾಯುಷಿ, ಮೈಕಟ್ಟು ಭಾರವಾದದ್ದು. ಬೆಲೆಯು ಈಗಾಗಲೇ ಇಳಿಯಬೇಕಾದಷ್ಟು ಇಳಿದಿರುವುದರಿಂದ ಮರುಮಾರಾಟದಲ್ಲಿ ನಷ್ಟ ಕಡಿಮೆ. ಆದರೆ ವೇಗವನ್ನು ನಿಯಂತ್ರಿಸುವ ವಿದ್ಯುನ್ಮಾನ ಭಾಗಗಳು ಕಾಲಕ್ರಮದಲ್ಲಿ ಕೆಡುತ್ತವೆ. ಕೆಪಾಸಿಟರುಗಳನ್ನು ಸ್ಥಳೀಯ ತಂತ್ರಜ್ಞನೇ ಬದಲಿಸಬಲ್ಲ. ತಯಾರಿಕೆ ನಿಂತುಹೋದ ನಿಯಂತ್ರಣ ಚಿಪ್ ಸುಟ್ಟರೆ ಮತ್ತೊಂದು ಹಳೆಯ ಯಂತ್ರವನ್ನೇ ಹುಡುಕಬೇಕಾದೀತು.

ಕೊಳ್ಳುವ ಮುನ್ನ ಪರೀಕ್ಷಿಸಬೇಕಾದ ಅಂಶಗಳು ಇವು:

1. ಜಪಾನಿನ ಆಂತರಿಕ ಮಾರುಕಟ್ಟೆಯ ಯಂತ್ರಗಳು 100 ವೋಲ್ಟಿನವು. ನಮ್ಮ 230 ವೋಲ್ಟಿಗೆ ನೇರವಾಗಿ ಜೋಡಿಸಿದರೆ ಸುಟ್ಟುಹೋಗುತ್ತವೆ. ಹಿಂಬದಿಯ ಫಲಕವನ್ನು ಓದಿ, ಅಗತ್ಯವಿದ್ದರೆ ಟ್ರಾನ್ಸ್‌ಫಾರ್ಮರಿನ ಬೆಲೆಯನ್ನೂ ಲೆಕ್ಕಕ್ಕೆ ಸೇರಿಸಬೇಕು.

2. ತಟ್ಟೆಯ ಅಂಚಿನಲ್ಲಿ ಚುಕ್ಕೆಗಳಿದ್ದರೆ, ಯಂತ್ರದ ದೀಪದ ಬೆಳಕಿನಲ್ಲಿ ನಿಗದಿತ ಸಾಲಿನ ಚುಕ್ಕೆಗಳು ನಿಶ್ಚಲವಾಗಿ ಕಾಣಬೇಕು. ಅವು ತೇಲಿದರೆ ವೇಗದಲ್ಲಿ ದೋಷವಿದೆ. ಯಂತ್ರವನ್ನು ಅರ್ಧ ಗಂಟೆ ಓಡಿಸಿ ಮತ್ತೊಮ್ಮೆ ನೋಡುವುದು ಒಳಿತು.

3. ಟೋನ್ ಆರ್ಮ್ ಅಲುಗಾಡದೆ, ತಡೆಯಿಲ್ಲದೆ ಚಲಿಸಬೇಕು. ಎರಡೂ ಸ್ಪೀಕರುಗಳಲ್ಲಿ ಗುಂಯ್ ಎಂಬ ಸದ್ದಿಲ್ಲದೆ ಧ್ವನಿ ಬರಬೇಕು.

4. ಸ್ಟೈಲಸ್ ಸವೆದಿದೆಯೆಂದೇ ಭಾವಿಸಿ ಹೊಸದರ ಬೆಲೆ ಸೇರಿಸಬೇಕು. ಹೆಸರಾಂತ ಶ್ಯೂರ್ ಸಂಸ್ಥೆಯು 2018ರಲ್ಲಿ ಕಾರ್ಟ್ರಿಜ್ ತಯಾರಿಕೆಯನ್ನೇ ನಿಲ್ಲಿಸಿತು. ಆದ್ದರಿಂದ ಬೇರೆ ಸಂಸ್ಥೆಗಳ ಕಾರ್ಟ್ರಿಜ್‌ಗಳನ್ನು ಜೋಡಿಸಬಹುದಾದ ಆರ್ಮ್ ಇರುವುದು ಮುಖ್ಯ.

5. ಹಳೆಯ 78 ವೇಗದ ರೆಕಾರ್ಡುಗಳನ್ನು ನುಡಿಸಬೇಕಾದವರು ಎಂಕೆ2ರಲ್ಲಿ ಆ ವೇಗವಿಲ್ಲ, ಎಂಕೆ7ರಲ್ಲಿ ಇದೆ ಎಂಬುದನ್ನು ಗಮನಿಸಬೇಕು. ಆ ರೆಕಾರ್ಡುಗಳಿಗೆ ಅಗಲ ತುದಿಯ ಬೇರೆ ಸ್ಟೈಲಸ್ಸೂ ಬೇಕು.

ಒಂದು ಉದಾಹರಣೆ

ಸಂತೇಬೆನ್ನೂರಿನ ಧ್ವನಿವರ್ಧಕದ ಅಂಗಡಿಯೊಂದು ಆರತಕ್ಷತೆಗಳಿಗೆ ರೆಕಾರ್ಡು ಸಂಗೀತ ಒದಗಿಸುವ ಯೋಚನೆ ಮಾಡಿದೆ ಎಂದುಕೊಳ್ಳೋಣ. ಕೆಳಗಿನ ಅಂಕಿಗಳು ಕೇವಲ ಲೆಕ್ಕದ ಕ್ರಮವನ್ನು ತೋರಿಸಲು ಊಹಿಸಿಕೊಂಡವು. ಓದುಗರು ತಮ್ಮ ಪೇಟೆಯ ದರಗಳನ್ನು ಹಾಕಿಕೊಳ್ಳಬೇಕು.

ಹಳೆಯ ಯಂತ್ರ: ಬೆಲೆ ರೂ. 60,000, ಸಾಗಣೆ ಮತ್ತು ಟ್ರಾನ್ಸ್‌ಫಾರ್ಮರ್ ರೂ. 6,000, ದುರಸ್ತಿ ಮತ್ತು ಸ್ಟೈಲಸ್ ರೂ. 9,000, ಒಟ್ಟು ರೂ. 75,000. ಐದು ವರ್ಷಗಳ ದುರಸ್ತಿ ರೂ. 20,000; ಕೊನೆಯಲ್ಲಿ ಮಾರಿದರೆ ಬರುವುದು ರೂ. 55,000. ನಿವ್ವಳ ವೆಚ್ಚ ರೂ. 40,000.

ಹೊಸ ಯಂತ್ರ: ಬೆಲೆ ರೂ. 1,00,000; ಶೇ. 18ರ ಜಿಎಸ್‌ಟಿ ರೂ. 18,000. ಸಾಮಾನ್ಯ ನೋಂದಣಿಯುಳ್ಳ ವರ್ತಕನಿಗೆ ಈ ತೆರಿಗೆಯ ಹೂಡುವಳಿ ಜಮಾ ಸಿಗುವುದರಿಂದ ವೆಚ್ಚ ರೂ. 1,00,000. ಐದು ವರ್ಷಗಳ ದುರಸ್ತಿ ರೂ. 5,000, ಮಾರಿದರೆ ಬರುವುದು ರೂ. 50,000. ನಿವ್ವಳ ವೆಚ್ಚ ರೂ. 55,000.

ಹಳೆಯದರಿಂದ ವರ್ಷಕ್ಕೆ ರೂ. 3,000 ಉಳಿತಾಯ. ಹೊಸದಕ್ಕೆ ಹೆಚ್ಚಾಗಿ ತೊಡಗಿಸುವ ರೂ. 25,000ಕ್ಕೆ ಶೇ. 12ರಂತೆ ಬಡ್ಡಿ ಹಿಡಿದರೆ ಅದೂ ರೂ. 3,000, ಒಟ್ಟು ಉಳಿತಾಯ ವರ್ಷಕ್ಕೆ ರೂ. 6,000. ಒಂದು ಕಾರ್ಯಕ್ರಮದಿಂದ ಖರ್ಚು ಕಳೆದು ರೂ. 1,500 ಉಳಿಯುವುದಾದರೆ, ಈ ಉಳಿತಾಯವು ನಾಲ್ಕು ಕಾರ್ಯಕ್ರಮಗಳಿಗೆ ಸಮ. ಹೊಸದಕ್ಕಿಂತ ಹಳೆಯ ಯಂತ್ರವು ವರ್ಷಕ್ಕೆ ನಾಲ್ಕು ಬಾರಿ ಹೆಚ್ಚಾಗಿ ಕೈಕೊಟ್ಟರೆ ಲಾಭವೆಲ್ಲ ಕರಗುತ್ತದೆ. ಮದುವೆ ಮನೆಯಲ್ಲಿ ಹಾಡು ನಿಂತರೆ ಆಗುವ ಹೆಸರಿನ ಹಾನಿಯನ್ನು ಇಲ್ಲಿ ಸೇರಿಸಿಲ್ಲ. ಚಿಕ್ಕ ಊರಿನಲ್ಲಿ ಆ ಮಾತು ಮರುದಿನವೇ ಸಂತೆಗೆ ತಲುಪುತ್ತದೆ.

ರಾಜಿ ತೆರಿಗೆ ಪದ್ಧತಿಯಲ್ಲಿರುವ ವರ್ತಕನಿಗೆ ಹೂಡುವಳಿ ಜಮಾ ಇಲ್ಲ. ಆತನಿಗೆ ಹೊಸ ಯಂತ್ರದ ನಿವ್ವಳ ವೆಚ್ಚ ರೂ. 73,000 ಆಗಿ, ಬಡ್ಡಿ ಸೇರಿ ಹಳೆಯದರ ಉಳಿತಾಯ ವರ್ಷಕ್ಕೆ ರೂ. 11,760ಕ್ಕೆ ಏರುತ್ತದೆ. ಅದು ಸುಮಾರು ಎಂಟು ಕಾರ್ಯಕ್ರಮಗಳ ಆದಾಯ. ಒಂದೇ ಯಂತ್ರ, ಒಂದೇ ಪೇಟೆ. ಆದರೆ ತೆರಿಗೆ ಪದ್ಧತಿ ಬದಲಾದರೆ ತೂಕವೂ ಬದಲಾಗುತ್ತದೆ.

ಲೆಕ್ಕಪತ್ರದ ಎಚ್ಚರಿಕೆಗಳು

ಆದಾಯ ತೆರಿಗೆಯಲ್ಲಿ ಸಾಮಾನ್ಯ ಯಂತ್ರಗಳಿಗೆ, ಹೊಸದಿರಲಿ ಹಳೆಯದಿರಲಿ, ಇಳಿಕೆಯ ಮೌಲ್ಯದ ಮೇಲೆ ಶೇ. 15ರ ಸವಕಳಿ ದೊರೆಯುತ್ತದೆ. ಕೊಂಡ ವರ್ಷದಲ್ಲಿ 180 ದಿನಗಳಿಗಿಂತ ಕಡಿಮೆ ಬಳಸಿದ್ದರೆ ಅರ್ಧ ಮಾತ್ರ. ಜಿಎಸ್‌ಟಿ ಮೊತ್ತಕ್ಕೆ ಸವಕಳಿ ಪಡೆದರೆ ಅದೇ ಮೊತ್ತಕ್ಕೆ ಹೂಡುವಳಿ ಜಮಾ ಪಡೆಯುವಂತಿಲ್ಲ.

ಹಳೆಯ ಯಂತ್ರವನ್ನು ಮನೆಯವರಿಂದ ನಗದು ಕೊಟ್ಟು ಕೊಳ್ಳುವುದು ರೂಢಿ. ಒಬ್ಬ ವ್ಯಕ್ತಿಗೆ ಒಂದೇ ದಿನ ರೂ. 10,000 ಮೀರಿದ ನಗದನ್ನು ಪಾವತಿಸಿದರೆ ಆ ಮೊತ್ತವು ಸ್ವತ್ತಿನ ವೆಚ್ಚಕ್ಕೆ ಸೇರದೆ, ಸವಕಳಿಯೂ ತಪ್ಪುತ್ತದೆ. ಆದ್ದರಿಂದ ಪಾವತಿಯನ್ನು ಬ್ಯಾಂಕಿನ ಮೂಲಕವೇ ಮಾಡಿ, ಮಾರಿದವರ ಸಹಿಯುಳ್ಳ ರಸೀದಿ ಪಡೆಯಬೇಕು.

ಹಳೆಯ ಟರ್ನ್‌ಟೇಬಲ್‌ಗಳನ್ನು ಕೊಂಡು ಮಾರುವುದನ್ನೇ ವ್ಯಾಪಾರವಾಗಿಸಿಕೊಂಡವರಿಗೆ ಒಂದು ಅನುಕೂಲವಿದೆ. ಬಳಸಿದ ವಸ್ತುವನ್ನು ಹಾಗೆಯೇ, ಅಥವಾ ಅದರ ಸ್ವರೂಪ ಬದಲಾಗದಂತೆ ಅಲ್ಪಸ್ವಲ್ಪ ದುರಸ್ತಿ ಮಾಡಿ ಮಾರಿದಾಗ, ಖರೀದಿಯ ಮೇಲೆ ಹೂಡುವಳಿ ಜಮಾ ಪಡೆದಿಲ್ಲವಾದರೆ, ಮಾರಾಟ ಮತ್ತು ಖರೀದಿ ಬೆಲೆಗಳ ಅಂತರದ ಮೇಲೆ ಮಾತ್ರ ಜಿಎಸ್‌ಟಿ ತೆರಬಹುದು. ರೂ. 20,000ಕ್ಕೆ ಕೊಂಡು ರೂ. 32,000ಕ್ಕೆ ಮಾರಿದರೆ ತೆರಿಗೆಗೆ ಒಳಪಡುವ ಮೌಲ್ಯ ರೂ. 12,000. ಖರೀದಿಯ ದಾಖಲೆ ಇಲ್ಲದವನಿಗೆ ಈ ಅನುಕೂಲವನ್ನು ಸಮರ್ಥಿಸಿಕೊಳ್ಳುವುದು ಕಷ್ಟ.

ಸಾರಾಂಶ

ಬಾಡಿಗೆಯ ವ್ಯವಹಾರಕ್ಕೆ, ಅಂದರೆ ನಿಗದಿತ ದಿನ ನಿಲ್ಲಬಾರದ ಕೆಲಸಕ್ಕೆ, ಖಾತರಿಯುಳ್ಳ ಹೊಸ ಯಂತ್ರವೇ ಸೂಕ್ತ; ಹಳೆಯದನ್ನೇ ಬಳಸುವುದಾದರೆ ಬದಲಿ ಯಂತ್ರವೊಂದು ಜೊತೆಗಿರಬೇಕು. ಮನೆಯಲ್ಲಿ ಅಪರೂಪಕ್ಕೆ ಕೇಳುವವರಿಗೆ ಪರೀಕ್ಷಿಸಿ ಕೊಂಡ ಹಳೆಯದು ಮಿತವ್ಯಯದ ಆಯ್ಕೆ. ಕೊಂಡು ಮಾರುವವರಿಗೆ ಹಳೆಯದೇ ಸರಕು. ಅದರ ಲಾಭವು ದುರಸ್ತಿ ಬಲ್ಲ ಕೈಯನ್ನೂ, ಸರಿಯಾದ ದಾಖಲೆಯನ್ನೂ ಅವಲಂಬಿಸಿದೆ. ಅಡಿಕೆ ಸುಲಿಯುವ ಯಂತ್ರವಾಗಲಿ, ಮೆಕ್ಕೆಜೋಳದ ಒಕ್ಕಣೆ ಯಂತ್ರವಾಗಲಿ, ಹಳೆಯದನ್ನು ಕೊಳ್ಳುವಾಗ ಇದೇ ಲೆಕ್ಕ ಅನ್ವಯಿಸುತ್ತದೆ. ಕೇಳಿದ ಬೆಲೆಯ ಜೊತೆಗೆ, ಯಂತ್ರ ನಿಂತ ದಿನದ ಬೆಲೆಯನ್ನೂ ಬರೆದುಕೊಂಡ ಬಳಿಕವೇ ವ್ಯವಹಾರ ಕುದುರಿಸುವುದು ಜಾಣತನ.