ಅಯ್ಯನವರು ಬಾರದ ಭಾನುವಾರ

ಪ್ರಶ್ನೆ: ನಮ್ಮ ಸಿ.ಎಸ್.ಐ. ಸಭೆಯ ಅಯ್ಯನವರಿಗೆ ನಾಲ್ಕಾರು ಊರುಗಳ ಹೊಣೆ. ಅವರು ಬಾರದ ಭಾನುವಾರ ನಮ್ಮೂರಿನ ಶಾಲಾ ಮಾಸ್ತರರೊಬ್ಬರು ಪ್ರಸಂಗ ಮಾಡುತ್ತಾರೆ. ಗುರುದೀಕ್ಷೆ ಇಲ್ಲದವರಿಗೆ ಈ ಹಕ್ಕು ಎಲ್ಲಿಂದ ಬಂತು?

ಉತ್ತರ: ಇದೇ ಪ್ರಶ್ನೆ ಮೆಥಡಿಸ್ಟ್ ಚಳವಳಿ ಕಟ್ಟಿದ ಜಾನ್ ವೆಸ್ಲಿಯನ್ನೂ ಕಾಡಿತ್ತು. 1740ರ ಸುಮಾರಿನ ಮಾತು. ಲಂಡನ್ನಿನಲ್ಲಿ ತನ್ನ ಅನುಯಾಯಿಗಳನ್ನು ನೋಡಿಕೊಳ್ಳಲು ಬಿಟ್ಟಿದ್ದ ಥಾಮಸ್ ಮ್ಯಾಕ್ಸ್‌ಫೀಲ್ಡ್ ಎಂಬ ತರುಣ ಪ್ರಸಂಗವನ್ನೇ ಶುರುಮಾಡಿದ್ದಾನೆಂದು ತಿಳಿದು, ವೆಸ್ಲಿ ಅದನ್ನು ನಿಲ್ಲಿಸಲು ಧಾವಿಸಿ ಬಂದ. ತಡೆದವಳು ತಾಯಿ ಸುಸಾನಾ. ನಿನ್ನಷ್ಟೇ ಅವನಿಗೂ ಕರೆ ಇದೆ, ಮೊದಲು ಕೇಳಿ ನೋಡು ಎಂದಳು. ಮಗ ಕೇಳಿದ, ಒಪ್ಪಿದ. ಮೆಥಡಿಸ್ಟ್ ಚಳವಳಿ ಊರೂರಿಗೆ ಹಬ್ಬಿದ್ದು ಇಂಥವರಿಂದಲೇ. ಬೆಂಗಳೂರು, ಮೈಸೂರು, ತುಮಕೂರು ಕಡೆ ಕೆಲಸ ಮಾಡಿದ ವೆಸ್ಲಿಯನ್ ಮಿಷನ್ನಿನ ಸಭೆಗಳು 1947ರಲ್ಲಿ ಸಿ.ಎಸ್.ಐ.ಗೆ ಸೇರಿದವು, ನಿಮ್ಮ ಮಾಸ್ತರರಿಗೂ ಆ ಪರಂಪರೆಯ ನಂಟಿದೆ.

ಕರ್ತನ ಭೋಜನ ನಡೆಸುವುದು ಮಾತ್ರ ಸಾಮಾನ್ಯವಾಗಿ ದೀಕ್ಷೆ ಪಡೆದವರ ಕೆಲಸ. ಕಥೋಲಿಕರಲ್ಲಿ ಬಲಿಪೂಜೆಯ ಪ್ರಬೋಧನೆಯೂ ಗುರುಗಳಿಗೆ, ಡೀಕನ್ನರಿಗೆ ಮೀಸಲು.

ಆದರೆ ಹಕ್ಕಿನ ಲೆಕ್ಕಕ್ಕಿಂತ ನನಗೆ ದೊಡ್ಡದಾಗಿ ಕಾಣುವುದು ಬೇರೆ. ಇಂಗ್ಲೆಂಡಿನ ಟಾಲ್‌ಪಡಲ್ ಹಳ್ಳಿಯ ಜಾರ್ಜ್ ಲವ್‌ಲೆಸ್ ಹೊಲದ ಕೂಲಿ. ಮೆಥಡಿಸ್ಟ್ ಪ್ರಸಂಗಿ ಕೂಡ. ಕೂಲಿ ಇಳಿಯುತ್ತ ಹೋದಾಗ ಸಂಗಡಿಗರನ್ನು ಸೇರಿಸಿ ಸಂಘ ಕಟ್ಟಿದ. ರಹಸ್ಯ ಪ್ರಮಾಣದ ನೆಪ ಹಿಡಿದ ಸರ್ಕಾರ 1834ರಲ್ಲಿ ಆರು ಮಂದಿಗೆ ಏಳು ವರ್ಷ ಗಡಿಪಾರು ವಿಧಿಸಿ ಆಸ್ಟ್ರೇಲಿಯಾ ಕಡೆಗೆ ಸಾಗಿಸಿತು. ಜನರ ಒತ್ತಡಕ್ಕೆ ಮಣಿದು 1836ರಲ್ಲಿ ಕ್ಷಮೆ ಕೊಟ್ಟಿತು. ಭಾನುವಾರ ನ್ಯಾಯದ ಬಗ್ಗೆ ಮಾತಾಡಿದವನು ಸೋಮವಾರ ಅದೇ ಕೇಳುಗರ ಜೊತೆ ಹೊಲದಲ್ಲಿರುತ್ತಿದ್ದ. ಹೇಳಿದ್ದಕ್ಕೂ ಬದುಕಿದ್ದಕ್ಕೂ ತಾಳೆ ಹಾಕಲು ಊರಿಗೇ ಅವಕಾಶ! ನಿಮ್ಮ ಮಾಸ್ತರರ ಸ್ಥಿತಿಯೂ ಅದೇ. ಅವರ ಸಿಟ್ಟು, ಸಾಲ, ಮನೆಯ ಜಗಳ ನಿಮಗೆಲ್ಲ ಗೊತ್ತು. ಅಷ್ಟು ಗೊತ್ತಿರುವವರ ಎದುರು ವೇದ ತೆರೆದು ನಿಲ್ಲುವುದಕ್ಕೆ ಎದೆಗಾರಿಕೆ ಬೇಕು.

ಹಾಗೆಂದು ಬಾಯಿಗೆ ಬಂದದ್ದೆಲ್ಲ ಪ್ರಸಂಗವಲ್ಲ. ಬ್ರಿಟನ್ನಿನ ಮೆಥಡಿಸ್ಟರು ಇಂಥವರಿಗೆ ತರಬೇತಿ ಕೊಟ್ಟು, ಪ್ರಸಂಗ ಕೇಳಿ ನೋಡಿದ ಮೇಲೆಯೇ ಒಪ್ಪಿಗೆ ಕೊಡುತ್ತಾರೆ. ಸಂಬಳವಿಲ್ಲ, ಓಡಾಟದ ಖರ್ಚು ಉಂಟು. ನಮ್ಮಲ್ಲಿ ಕ್ರಿಸ್ಮಸ್ಸಿಗೊಂದು ಶಾಲು ಹೊದಿಸಿ ಕೈತೊಳೆದುಕೊಳ್ಳುವುದೇ ಹೆಚ್ಚು. ಅದರ ಬದಲು ಒಂದೆರಡು ಒಳ್ಳೆಯ ವೇದವ್ಯಾಖ್ಯಾನ ಕೊಡಿಸಿ. ಆರಾಧನೆ ಮುಗಿದ ಮೇಲೆ ಯಾವ ಮಾತು ನಾಟಿತು, ಯಾವುದು ಅರ್ಥವಾಗಲಿಲ್ಲ ಎಂದು ಹೇಳಿ. ಅಯ್ಯನವರು ಬರುವುದಿಲ್ಲವೆಂದು ಗೊತ್ತಾದೊಡನೆ ಮನೆಯಲ್ಲೇ ಉಳಿಯುವವರು ನಿಮ್ಮಲ್ಲಿದ್ದರೆ, ಮೊದಲು ಅವರನ್ನು ಕರೆತನ್ನಿ.