ಕನ್ಸಲ್ಟೆನ್ಸಿ ಮೇಸ್ತ್ರಿಯ ಕೈ ಹಿಡಿಯುವ ಮುನ್ನ

ತೆಲಂಗಾಣದ ಪಾಲಮೂರು (ಮಹಬೂಬ್‌ನಗರ) ಸೀಮೆಗೆ ಗುಳೆ ಹೊಸದಲ್ಲ. ಮೇಸ್ತ್ರಿಯಿಂದ ಮುಂಗಡ ಪಡೆದು ಅಣೆಕಟ್ಟು, ಕಾಲುವೆಗಳ ಮಣ್ಣು ಹೊರಲು ದೇಶವೆಲ್ಲ ತಿರುಗಿದವರಿಗೆ ‘ಪಾಲಮೂರು ಲೇಬರ್’ ಎಂಬ ಹೆಸರೇ ಬಿದ್ದಿತ್ತು. ಈಗ ಮದ್ದೂರು, ಮಕ್ತಲ್, ಗದ್ವಾಲ್ ಕಡೆಯ ಮಕ್ಕಳು ಎಂ.ಎಸ್. ಓದಲು ಅಮೆರಿಕಕ್ಕೆ ಹೋಗುತ್ತಾರೆ. ಓದು ಮುಗಿಯುತ್ತಲೇ ‘ಎಚ್-1ಬಿ (ಕೆಲಸದ ವೀಸಾ) ಹಾಕಿಸ್ತೀವಿ’ ಎಂದು ಫೋನ್ ಮಾಡುವ, ಕೆಲಸ ಕೊಡಿಸುವ ಕನ್ಸಲ್ಟೆನ್ಸಿಯವನೂ ಮೇಸ್ತ್ರಿಯೇ. ಅವರಲ್ಲಿ ಒಳ್ಳೆಯವರೂ ಇದ್ದಾರೆ. ಆರಿಸಿಕೊಳ್ಳುವ ಬಗೆ ಹೀಗೆ.

1. ಮೊದಲು ಸರ್ಕಾರದ ಪಟ್ಟಿ ನೋಡಿ. ಅಮೆರಿಕದ ವಲಸೆ ಇಲಾಖೆಯ ‘ಎಚ್-1ಬಿ ಎಂಪ್ಲಾಯರ್ ಡೇಟಾ ಹಬ್’ನಲ್ಲಿ ಕಂಪನಿ ಹೆಸರು ಹೊಡೆದರೆ ಯಾವ ವರ್ಷ ಎಷ್ಟು ಅರ್ಜಿ ಮಂಜೂರಾಯಿತು, ಎಷ್ಟು ಬಿದ್ದುಹೋಯಿತು ಎಂಬುದು ಸಾಲಾಗಿ ಕಾಣುತ್ತದೆ. ಆಫರ್ ಲೆಟರ್‌ನಲ್ಲಿರುವ ಹೆಸರನ್ನೇ ಹಾಕಿ. ಫೋನಿನಲ್ಲಿ ಹೇಳಿದ ಹೆಸರು ಬೇರೆ, ಕಾಗದದ ಹೆಸರು ಬೇರೆಯಾದರೆ ಅಲ್ಲೇ ನಿಲ್ಲಿ. ಕಾರ್ಮಿಕ ಇಲಾಖೆಯ ಎಲ್‌ಸಿಎ (ಎಚ್-1ಬಿ ಅರ್ಜಿಗೆ ಮುನ್ನ ಕಂಪನಿ ಸಲ್ಲಿಸುವ ಹೇಳಿಕೆ) ದಾಖಲೆಯಲ್ಲಿ ಹುದ್ದೆ, ಊರು, ಸಂಬಳ ಸಿಗುತ್ತವೆ. ಬೇಕೆಂದೇ ನಿಯಮ ಮುರಿದ ಕಂಪನಿಗಳ ಪಟ್ಟಿಯನ್ನೂ ಅದೇ ಇಲಾಖೆ ಇಟ್ಟಿದೆ.

2. ದಿನ ಎಣಿಸಿ. ಒಪಿಟಿಯ (ಓದು ಮುಗಿದ ಮೇಲೆ ಕೆಲಸ ಮಾಡಲು ಸಿಗುವ ಅನುಮತಿ) 12 ತಿಂಗಳಲ್ಲಿ ಒಟ್ಟು 90 ದಿನಕ್ಕಿಂತ ಹೆಚ್ಚು ಖಾಲಿ ಕೂರುವಂತಿಲ್ಲ. ವಿಜ್ಞಾನ, ತಂತ್ರಜ್ಞಾನ ಓದಿದವರಿಗಿರುವ ಸ್ಟೆಮ್ ವಿಸ್ತರಣೆ ಸಿಕ್ಕರೆ ಇನ್ನೂ 24 ತಿಂಗಳು, ಖಾಲಿ ದಿನದ ಮಿತಿ ಒಟ್ಟು 150. ಹೈದರಾಬಾದಿನ ಅಮೀರ್‌ಪೇಟೆಯ ಕೋಚಿಂಗನ್ನು ನೆನಪಿಸುವ ‘ಟ್ರೈನಿಂಗ್’ನಲ್ಲಿ ಈ ದಿನಗಳು ಕರಗಿಹೋಗದಂತೆ ನೋಡಿಕೊಳ್ಳಿ.

3. ಐ-983 ತರಬೇತಿ ಫಾರಂ ಕೇಳಿ. ಸ್ಟೆಮ್ ವಿಸ್ತರಣೆಗೆ ಕಂಪನಿ ಸರ್ಕಾರದ ಇ-ವೆರಿಫೈ ವ್ಯವಸ್ಥೆಯಲ್ಲಿ ನೋಂದಾಯಿಸಿರಬೇಕು. ಏನು ಕಲಿಸುತ್ತೇವೆ, ಯಾರು ಮೇಲ್ವಿಚಾರಣೆ ಮಾಡುತ್ತಾರೆ, ಸಂಬಳ ಎಷ್ಟು ಎಂದು ಈ ಫಾರಂನಲ್ಲಿ ಬರೆದು ಸಹಿ ಹಾಕಬೇಕು. ‘ಅದನ್ನು ನೀನೇ ತುಂಬಿ ಕಳಿಸು, ಸೈನ್ ಹಾಕ್ತೀವಿ’ ಎಂದರೆ ಕಲಿಸುವವರು ಯಾರೂ ಇಲ್ಲ ಎಂದೇ ಲೆಕ್ಕ.

4. ಮೇಸ್ತ್ರಿಗೆ ನೀವು ದುಡ್ಡು ಕೊಡಬೇಡಿ. ಎಚ್-1ಬಿ ಅರ್ಜಿಯ ಶುಲ್ಕ ಕಂಪನಿಯ ಹೊಣೆ. ಪ್ರಾಜೆಕ್ಟ್ ಇಲ್ಲವೆಂದು ಸಂಬಳ ಕೊಡದೆ ಬೆಂಚಿನ ಮೇಲೆ ಕೂರಿಸುವುದು ಎಚ್-1ಬಿ ಕಾನೂನಿನಲ್ಲಿ ತಪ್ಪು. ಡಬ್ಲ್ಯುಎಚ್-4 ಫಾರಂನಲ್ಲಿ ಕಾರ್ಮಿಕ ಇಲಾಖೆಗೆ ದೂರು ಕೊಡಬಹುದು.

5. ಸಂಬಳದ ಲೆವೆಲ್ (ಕಾರ್ಮಿಕ ಇಲಾಖೆಯ ಒಂದರಿಂದ ನಾಲ್ಕರ ಶ್ರೇಣಿ) ಕೇಳಿ. ಇದು ಹೊಸದು, ತುಂಬ ಜನಕ್ಕೆ ಇನ್ನೂ ತಲೆಗೆ ಹೋಗಿಲ್ಲ. ವರ್ಷಕ್ಕೆ 65,000 ವೀಸಾ, ಅಮೆರಿಕದಲ್ಲೇ ಮಾಸ್ಟರ್ಸ್ ಓದಿದವರಿಗೆ ಮತ್ತೆ 20,000. ಅರ್ಜಿ ಅದಕ್ಕಿಂತ ಹೆಚ್ಚಾದರೆ ಲಾಟರಿ. 2026ರ ಫೆಬ್ರವರಿ 27ರಿಂದ ಜಾರಿಗೆ ಬಂದ ನಿಯಮದಂತೆ ಲಾಟರಿಯಲ್ಲಿ ಒಂದನೇ ಲೆವೆಲ್ ಸಂಬಳದವರಿಗೆ ಒಂದು ಚೀಟಿ, ನಾಲ್ಕನೇ ಲೆವೆಲ್‌ನವರಿಗೆ ನಾಲ್ಕು. ಖರ್ಚು ಉಳಿಸಲು ಒಂದನೇ ಲೆವೆಲ್ ಬರೆಯುವ ಕಂಪನಿ ನಿಮ್ಮ ಚೀಟಿಯನ್ನೇ ಕಡಿಮೆ ಮಾಡುತ್ತದೆ. ನಾಲ್ಕು ಕಂಪನಿಗಳಿಂದ ಹಾಕಿಸಿದರೆ ಅವಕಾಶ ಹೆಚ್ಚು ಎಂಬ ಲೆಕ್ಕವೂ ಈಗ ನಡೆಯದು. 2024ರಿಂದ ಎಣಿಕೆ ತಲೆಗೊಂದೇ. ಹೊಸ ನಿಯಮದಲ್ಲಂತೂ ಹಲವರು ಹಾಕಿದ್ದರೆ ಕೆಳಗಿನ ಲೆವೆಲನ್ನೇ ಹಿಡಿಯುತ್ತಾರೆ.

6. ಸುಳ್ಳು ಅನುಭವ ಬೇಡ. ‘ಎಂಟು ವರ್ಷ ಅಂತ ಹಾಕೋಣ, ಇಂಟರ್‌ವ್ಯೂಗೆ ಪ್ರಾಕ್ಸಿ ಕೂರಿಸೋಣ’ ಎನ್ನುವವರಿಗೆ ಫೋನ್ ಇಡಿ. ಸಿಕ್ಕಿಬಿದ್ದ ದಿನ ರೆಸ್ಯೂಮೆ ಮೇಲಿರುವುದು ನಿಮ್ಮ ಹೆಸರು.

7. ‘ನಮ್ಮವರೇ’ ಎಂಬುದು ಜಾಮೀನಲ್ಲ. ಡೆಟ್ರಾಯಿಟ್ ಬಳಿಯ ಫಾರ್ಮಿಂಗ್‌ಟನ್ ಯೂನಿವರ್ಸಿಟಿ ಅಮೆರಿಕದ ಅಧಿಕಾರಿಗಳೇ ಹಾಕಿದ ಬೋನು ಎಂದು 2019ರ ಜನವರಿಯಲ್ಲಿ ಗೊತ್ತಾದಾಗ ಸಿಕ್ಕಿಬಿದ್ದವರಲ್ಲಿ ತೆಲುಗು ಮಕ್ಕಳೇ ಹೆಚ್ಚು. ಅವರನ್ನು ಸೇರಿಸಿ ಕಮಿಷನ್ ತಿಂದವರೂ ನಮ್ಮ ಕಡೆಯವರೇ. ಹಾಗೆಂದು ಬಳಕೆ ಬಿಡಬೇಡಿ. ಕನ್ನಡ-ತೆಲುಗು ಗಡಿಯ ಮಕ್ಕಳಿಗೆ ಎರಡು ನುಡಿ ಬರುತ್ತದೆ: ಅಮೆರಿಕದ ತೆಲುಗು ಸಂಘಗಳಾದ ತಾನಾ, ಆಟಾಗಳೂ ನಿಮ್ಮವೇ, ಅಕ್ಕದ ಕನ್ನಡ ಕೂಟಗಳೂ ನಿಮ್ಮವೇ. ಅಲ್ಲಿ ಕೆಲಸ ಕೇಳುವ ಮೊದಲು, ನಿಮಗೆ ಫೋನ್ ಮಾಡಿದ ಕನ್ಸಲ್ಟೆನ್ಸಿ ಬಿಟ್ಟುಬಂದವರು ಯಾರು ಎಂದು ಕೇಳಿ.

8. ಕನ್ಸಲ್ಟೆನ್ಸಿಯೊಂದೇ ದಾರಿಯಲ್ಲ. ವಿಶ್ವವಿದ್ಯಾಲಯಗಳಿಗೆ, ಲಾಭರಹಿತ ಸಂಶೋಧನಾ ಸಂಸ್ಥೆಗಳಿಗೆ ಲಾಟರಿಯೇ ಇಲ್ಲ.

9. ಅರ್ಜಿ ಬಾಕಿ ಇರುವಾಗ ಊರಿಗೆ ಬರಬೇಡಿ. 2025ರ ಸೆಪ್ಟೆಂಬರ್ 21ರಿಂದ ಜಾರಿಗೆ ಬಂದ ಆದೇಶದಂತೆ, ಹೊರದೇಶದಲ್ಲಿರುವವರ ಹೊಸ ಎಚ್-1ಬಿ ಅರ್ಜಿಗೆ ಕಂಪನಿ 1,00,000 ಡಾಲರ್ ಕಟ್ಟಬೇಕು. ಅಮೆರಿಕದಲ್ಲೇ ಇದ್ದು ಎಫ್-1 ವಿದ್ಯಾರ್ಥಿ ವೀಸಾದಿಂದ ಬದಲಾಯಿಸಿಕೊಳ್ಳುವವರಿಗೆ ಅದು ಇಲ್ಲವೆಂದು ವಲಸೆ ಇಲಾಖೆ ಅಕ್ಟೋಬರ್‌ನಲ್ಲಿ ಸ್ಪಷ್ಟಪಡಿಸಿತು. ತೀರ್ಮಾನವಾಗುವ ಮೊದಲೇ ದೇಶ ಬಿಟ್ಟರೆ ಆ ರಿಯಾಯಿತಿ ಹೋಯಿತು. ತಂಗಿಯ ಮದುವೆಯ ಮುಹೂರ್ತ ಇಡುವಾಗ ಅಪ್ಪ ಪಂಚಾಂಗದ ಜೊತೆ ಅರ್ಜಿ ತೀರ್ಮಾನವಾಗುವ ತಾರೀಕನ್ನೂ ಕೇಳಿಕೊಳ್ಳಲಿ.